ವೀಗನ್ ಮನೆಯಡುಗೆ: ಕರ್ನಾಟಕ

ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪಗಳನ್ನೂ ಬಿಟ್ಟು ಸಸ್ಯಮೂಲದ ಪದಾರ್ಥಗಳಿಂದಲೇ ಮಾಡುವ ದಿನನಿತ್ಯದ ಅಡುಗೆ. ಇದನ್ನು ಒಂದು ಜೀವನಕ್ರಮವಾಗಿ ಸಂಘಟಿಸಿದ್ದು ಇಂಗ್ಲೆಂಡಿನಲ್ಲಿ. 1944ರ ನವೆಂಬರಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ಅಲ್ಲಿ ವೀಗನ್ ಸೊಸೈಟಿ ಕಟ್ಟಿದರು. ಅದರ ಐವತ್ತನೆಯ ವರ್ಷವಾದ 1994ರಿಂದ ನವೆಂಬರ್ 1 ವಿಶ್ವ ವೀಗನ್ ದಿನವೆನಿಸಿದೆ; ಕನ್ನಡ ರಾಜ್ಯೋತ್ಸವವೂ ಅದೇ ದಿನ ಬರುವುದು ಬರೀ ಕಾಕತಾಳೀಯ.

ಕರ್ನಾಟಕದ ಮಟ್ಟಿಗೆ ಈ ಅಡುಗೆಯನ್ನು ಹೊಸದಾಗಿ ಕಲಿಯಬೇಕಾದ ಪ್ರಮೇಯವಿಲ್ಲ. ಇಲ್ಲಿನ ಊಟದಲ್ಲಿ ಹೈನು ಹೆಚ್ಚಾಗಿ ಎರಡು ತುದಿಗಳಲ್ಲಿ ನಿಂತಿದೆ: ಎಲೆಗೆ ಕೂತಾಗ ಬಿಸಿ ಅನ್ನದ ಮೇಲೆ ಬೀಳುವ ತುಪ್ಪ, ಏಳುವ ಮುಂಚೆ ಬರುವ ಮಜ್ಜಿಗೆ ಇಲ್ಲವೇ ಮೊಸರು. ನಡುವಿನ ಸಾರು, ಹುಳಿ, ಪಲ್ಯ, ಗೊಜ್ಜು, ಚಟ್ನಿ, ಕೋಸಂಬರಿ, ರೊಟ್ಟಿ, ಮುದ್ದೆಗಳಲ್ಲಿ ಬಹುಪಾಲಿಗೆ ಹಾಲಿನ ಹಂಗಿಲ್ಲ. ಹುಳಿಗೆ ಹುಣಸೆ, ಮಾವು, ನಿಂಬೆ. ಜಿಡ್ಡಿಗೆ ಕಡಲೆಕಾಯಿ, ಎಳ್ಳು, ತೆಂಗು. ಮಂದಕ್ಕೆ ಬೇಳೆ ಮತ್ತು ರುಬ್ಬಿದ ಕಾಯಿ. ಕ್ರೀಮು, ಪನೀರು ಸುರಿದು ಮಾಡುವ ಅಡುಗೆಯಿಂದ ಹಾಲನ್ನು ತೆಗೆದರೆ ಉಳಿಯುವುದು ಅಷ್ಟಕ್ಕಷ್ಟೆ. ಸೊಪ್ಪು, ಕಾಳು ಬೇಯಿಸಿ ಬಸಿದು ಮಾಡುವ ಬಸ್ಸಾರಿನಿಂದ ತೆಗೆಯಲು ಏನೂ ಇರುವುದಿಲ್ಲ.

ವೀಗನ್ ಊಟವನ್ನು ‘ಶುದ್ಧ ಸಸ್ಯಾಹಾರಿ’ ಮನೆಗಳಲ್ಲಿ, ಹೋಟೆಲುಗಳಲ್ಲಿ ಹುಡುಕುವುದು ವಾಡಿಕೆ. ಆದರೆ ಮಾಂಸ ಬಿಟ್ಟ ಮನೆಗಳಲ್ಲೇ ಹಾಲು, ತುಪ್ಪದ ಬಳಕೆ ಹೆಚ್ಚು. ವಾರಕ್ಕೋ ಹಬ್ಬಕ್ಕೋ ಒಮ್ಮೆ ಬಾಡೂಟ ಮಾಡುವ ಹಳೇ ಮೈಸೂರಿನ ರೈತರ ಮನೆಯಲ್ಲಿ ಉಳಿದ ದಿನಗಳ ಊಟವೆಂದರೆ ಮುದ್ದೆ, ಸೊಪ್ಪಿನ ಸಾರು, ಕಾಳಿನ ಸಾರು. ಉತ್ತರ ಕರ್ನಾಟಕದ ಹೊಲಕ್ಕೆ ಹೋಗುವ ಬುತ್ತಿಯಲ್ಲಿ ರೊಟ್ಟಿ, ಪಲ್ಯ, ಚಟ್ನಿಪುಡಿ. ನಾಡಿನ ನಿತ್ಯದ ವೀಗನ್ ಅಡುಗೆಯ ದೊಡ್ಡ ಪಾಲು ಬಂದಿರುವುದು ಈ ಮನೆಗಳಿಂದ; ವ್ರತದಿಂದಲೂ ಅಲ್ಲ, ಸಿದ್ಧಾಂತದಿಂದಲೂ ಅಲ್ಲ.

ಹಿನ್ನೆಲೆ

ಕನ್ನಡ ನಾಡಿನ ಹಳೆಯ ಗ್ರಂಥಗಳು ಈ ವಿಷಯದಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ಸೂಪಶಾಸ್ತ್ರ ಸಸ್ಯಾಹಾರದ ಗ್ರಂಥವೇ ಹೌದು, ಬದನೆ ಹಲಸುಗಳಿಗೆ ಅದರಲ್ಲಿ ಒಳ್ಳೆಯ ಮರ್ಯಾದೆಯೂ ಇದೆ. ಆದರೆ ಅದು ಉಳ್ಳವರ ಅಡುಗೆಮನೆ; ಹಾಲು, ತುಪ್ಪಕ್ಕೆ ಅಲ್ಲಿ ಬರವಿಲ್ಲ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿರುವುದಂತೂ ಅರಮನೆಯ ಊಟದ ವರ್ಣನೆ. ಮುದ್ದೆ ಉಂಡವರು ಪಾಕಶಾಸ್ತ್ರ ಬರೆಯಲಿಲ್ಲ. ಅವರ ಧಾನ್ಯಕ್ಕೆ ಕಾವ್ಯದಲ್ಲಿ ಜಾಗ ಸಿಕ್ಕಿದ್ದು, ರಾಗಿಯನ್ನು ಭತ್ತದ ಎದುರು ನಿಲ್ಲಿಸಿ ಗೆಲ್ಲಿಸಿದ ಕನಕದಾಸರ ರಾಮಧಾನ್ಯ ಚರಿತೆಯಲ್ಲಿ.

ಇಂದು ಬೆಳಿಗ್ಗೆ ಎದ್ದರೆ ಬಾಗಿಲಲ್ಲಿ ಹಾಲಿನ ಪೊಟ್ಟಣ ಸಿಗುವುದು ಎಲ್ಲ ಕಾಲಕ್ಕೂ ಇದ್ದ ಸ್ಥಿತಿಯಲ್ಲ. ರಾಜ್ಯದಲ್ಲಿ ಸಹಕಾರಿ ಹೈನುಗಾರಿಕೆಯ ದೊಡ್ಡ ಯೋಜನೆ ಶುರುವಾದದ್ದು 1974ರಲ್ಲಿ. ಕರ್ನಾಟಕ ಹಾಲು ಮಹಾಮಂಡಳ ಅದರ ಮುಂದುವರಿಕೆ. ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಬಂದದ್ದು 2013ರ ಆಗಸ್ಟಿನಲ್ಲಿ. ಸಹಕಾರಿ ಹೈನುಗಾರಿಕೆ ಬರುವ ಮುಂಚೆ ಕರೆಯುವ ಹಸು ಎಮ್ಮೆ ಇದ್ದವರ ಮನೆಯಲ್ಲೂ ಬೆಣ್ಣೆ ತುಪ್ಪ ಸಂತೆಗೆ ಹೋಗಿ, ಮನೆಗೆ ಉಳಿಯುತ್ತಿದ್ದುದು ನೀರುಮಜ್ಜಿಗೆ. ಹಾಗಾಗಿ ನಿತ್ಯದ ಅಡುಗೆ ಹಾಲನ್ನು ನಂಬಿ ಕೂರಲಿಲ್ಲ.

ಹಾಲನ್ನು ನಿಯಮವಾಗಿಯೇ ಬಿಡುವ ಪದ್ಧತಿಯೂ ಇಲ್ಲಿದೆ. ಉಡುಪಿಯ ಅಷ್ಟಮಠಗಳಲ್ಲೂ ಮಾಧ್ವ ಮನೆಗಳಲ್ಲೂ ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ನಾಲ್ಕು ವ್ರತ: ಮೊದಲ ತಿಂಗಳು ಶಾಕವ್ರತದಲ್ಲಿ ತರಕಾರಿ ಇಲ್ಲ, ಎರಡನೆಯದು ದಧಿವ್ರತ, ಮೊಸರಿಲ್ಲ, ಮೂರನೆಯದು ಕ್ಷೀರವ್ರತ, ಹಾಲಿಲ್ಲ, ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳಿಲ್ಲ. ಇದನ್ನು ವೀಗನ್ ಎನ್ನಲಾಗದು. ಹಾಲು ಬಿಟ್ಟ ತಿಂಗಳಲ್ಲಿ ಮೊಸರಿಗೆ, ತುಪ್ಪಕ್ಕೆ ಅಡ್ಡಿಯಿಲ್ಲ. ಆದರೂ ವರ್ಷಕ್ಕೊಮ್ಮೆ ಒಂದೊಂದನ್ನೇ ಕೈಬಿಟ್ಟು ಅಡುಗೆ ಮಾಡುವ ಅಭ್ಯಾಸ ಕರಾವಳಿಯ ಅಡುಗೆಯವರ ಕೈಯನ್ನು ಪಳಗಿಸಿದೆ.

ರಾಗಿ ಸೀಮೆ

ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕ. ತುಮಕೂರು, ಹಾಸನ, ರಾಮನಗರ, ಕೋಲಾರ, ಮಂಡ್ಯದ ಕಡೆ, ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ಊಟ ಎಂದರೆ ಇಂದಿಗೂ ಮುದ್ದೆ ಎಂದೇ ಅರ್ಥಮಾಡಿಕೊಳ್ಳುವವರು ಇದ್ದಾರೆ. ಮುದ್ದೆಗೆ ಬೇಕಾದದ್ದು ನೀರು, ರಾಗಿ ಹಿಟ್ಟು, ಮನಸ್ಸಿದ್ದರೆ ಚಿಟಿಕೆ ಉಪ್ಪು. ಕಷ್ಟ ಇರುವುದು ಕೈಯಲ್ಲಿ. ಎಸರಿಗೆ ಮೊದಲು ಒಂದು ಚಮಚ ಹಿಟ್ಟನ್ನು ನೀರಲ್ಲಿ ಕದಡಿ ಬಿಟ್ಟು ಅಂಬಲಿಯ ಹದಕ್ಕೆ ತರುತ್ತಾರೆ. ಎಸರು ಮರಳಿದಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕಲಕದೆ, ಕೋಲನ್ನು ನಡುವೆ ನೆಟ್ಟು, ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಹೊಸಬರು ಎಡವುವುದು ಇಲ್ಲಿಯೇ: ಅವಸರಕ್ಕೆ ಕಲಕಿದರೆ ಗಂಟು, ಒಳಗೆ ಹಸಿ ಹಿಟ್ಟು. ಗುಡ್ಡೆಯ ನೆತ್ತಿಯವರೆಗೂ ಕುದಿ ಏರಿದ ಮೇಲೆ ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದೋ, ಕವೆಕೋಲಿಗೆ ಸಿಕ್ಕಿಸಿಯೋ, ದೊಣ್ಣೆಯಿಂದ ತಿರುವಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟುತ್ತಾರೆ. ತಿನ್ನುವಾಗ ಅಗಿಯುವಂತಿಲ್ಲ, ಮುರಿದು, ಸಾರಲ್ಲಿ ಹೊರಳಿಸಿ ನುಂಗಬೇಕು. ಹಾಗಾಗಿ ಸಾರು ಚೆನ್ನಾಗಿಲ್ಲದಿದ್ದರೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ರಾಗಿ ಸೀಮೆಯ ಜಾಣ್ಮೆಯೆಲ್ಲ ಸಾರಿಗೆ ಸಂದದ್ದು ಇದೇ ಕಾರಣಕ್ಕೆ ಇರಬೇಕು.

ಅಲ್ಲಿನ ಸಾರುಗಳಲ್ಲಿ ಬಸ್ಸಾರು ಮತ್ತು ಉಪ್ಪೆಸರು ಅಕ್ಕತಂಗಿಯರು. ಎರಡಕ್ಕೂ ಸೊಪ್ಪು ಮತ್ತು ಕಾಳನ್ನು (ಹೆಸರುಕಾಳು, ಅಲಸಂದೆ, ಹುರುಳಿ, ತೊಗರಿಬೇಳೆ, ಯಾವುದಿದ್ದರೆ ಅದು) ಉಪ್ಪು ಹಾಕಿದ ಹೇರಳ ನೀರಲ್ಲಿ ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟು ಒಂದು ಕಡೆ, ಸೊಪ್ಪುಕಾಳು ಒಂದು ಕಡೆ. ಸೊಪ್ಪುಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ, ಮೇಲಿಷ್ಟು ತೆಂಗಿನತುರಿ ಬಿದ್ದು ಪಲ್ಯ ಆಗುತ್ತದೆ. ಬಸ್ಸಾರಾದರೆ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಸಾರಿನ ಪುಡಿ, ಹುಣಸೆ, ಜೊತೆಗೆ ಬೆಂದ ಸೊಪ್ಪುಕಾಳಿನದೇ ಒಂದು ಹಿಡಿಯನ್ನು ನುಣ್ಣಗೆ ರುಬ್ಬಿ ಹಾಕಿ ಕುದಿಸುತ್ತಾರೆ. ಸಾರಿಗೆ ಮೈ ಬರುವುದು ಆ ಒಂದು ಹಿಡಿಯಿಂದ. ಉಪ್ಪೆಸರಿನಲ್ಲಿ ಅಷ್ಟು ರಗಳೆಯಿಲ್ಲ: ಕಟ್ಟು ಕಟ್ಟಾಗಿಯೇ ಉಳಿಯುತ್ತದೆ, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕರಿಮೆಣಸು, ಹುಣಸೆ ಸೇರಿಸಿ ಅರೆದ ಖಾರವನ್ನು ತಟ್ಟೆಯ ಅಂಚಿಗೆ ಬಡಿಸುತ್ತಾರೆ, ಉಣ್ಣುವವರು ತಮಗೆ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಒಂದೇ ಪಾತ್ರೆಯಲ್ಲಿ ಸಾರೂ ಪಲ್ಯವೂ ಆಗಿ, ಬೇಯಿಸಿದ ನೀರಿನ ಒಂದು ಹನಿಯೂ ಚೆಲ್ಲದ ಈ ವಿಧಾನ ಮಿತವ್ಯಯದಿಂದ ಹುಟ್ಟಿದ್ದು. ರುಚಿಯಲ್ಲಿ ಮಾತ್ರ ಅದರ ಸುಳಿವು ಸಿಗುವುದಿಲ್ಲ.

ಸೊಪ್ಪು ಎಂದರೆ ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆಗಳಷ್ಟೇ ಅಲ್ಲ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಏಳುವ ಅಣ್ಣೆ, ಹೊನಗೊನೆ, ಗೋಣಿ, ಕನ್ನೆ, ಗಣಿಕೆ ಸೊಪ್ಪುಗಳನ್ನು ಕೂಡಿಸಿ ಬೆರಕೆ ಸೊಪ್ಪಿನ ಸಾರು ಮಾಡುತ್ತಾರೆ. ಗುರುತು ಹಿಡಿಯುವ ಕಣ್ಣು ಹಿರಿಯ ಹೆಂಗಸರಿಗೆ ಮಾತ್ರ ಉಳಿದಿರುವುದರಿಂದ ಪೇಟೆಯಲ್ಲಿ ಇದು ಅಪರೂಪ; ಕಳೆನಾಶಕ ಹೊಡೆದ ಹೊಲಗಳಲ್ಲೂ ಈಗ ಅಪರೂಪವೇ. ಬೇಳೆ, ಟೊಮೇಟೊ, ಹಸಿಮೆಣಸಿನಕಾಯಿಯ ಜೊತೆ ಬೇಯಿಸಿ ಕಡೆಗೋಲಿನಲ್ಲಿ ಮಸೆದ ಮಸ್ಸೊಪ್ಪು ಇನ್ನೂ ಸುಲಭ. ಅಡುಗೆ ಗೊತ್ತಿಲ್ಲದವರು ಶುರು ಮಾಡಲು ಇದಕ್ಕಿಂತ ಒಳ್ಳೆಯ ಸಾರು ಇಲ್ಲ.

ಮಾರ್ಗಶಿರ, ಪುಷ್ಯದ ಚಳಿಗೆ ಅವರೆಕಾಯಿ ಬರುತ್ತದೆ. ಇಬ್ಬನಿ ಕುಡಿದ ಕಾಯಿಯ ಸಿಪ್ಪೆಯಲ್ಲಿ ಅಂಟಂಟಾಗಿ, ಕೈಗೆ ಮೆತ್ತಿಕೊಳ್ಳುವ ಸೊಗಡಿರುತ್ತದೆ. ಸೊಗಡಿಲ್ಲದ ಅವರೆಯನ್ನು ಕೊಳ್ಳುವವರು ಮೂಸಿ ನೋಡಿ ಬದಿಗಿಡುತ್ತಾರೆ. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಮನೆಮಂದಿಯೆಲ್ಲ ಸುತ್ತ ಕೂತು ಒಂದೊಂದನ್ನೇ ಹಿತುಕಿ ಸಿಪ್ಪೆ ತೆಗೆದರೆ ಹಿತಕಿದಬೇಳೆ. ಅದರ ಸಾರಿಗೆ ಕಾಯಿ, ಗಸಗಸೆ, ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು ರುಬ್ಬಿ ಹಾಕುತ್ತಾರೆ. ಮಸಾಲೆಯ ದಾರಿ ಮಾಂಸದ ಸಾರಿನದೇ, ಗಟ್ಟಿತನ ಕಾಯಿ ಗಸಗಸೆಯದು. ಬೆಂಗಳೂರಿನಲ್ಲಿ ಚಳಿಗಾಲಕ್ಕೆ ನಡೆಯುವ ಅವರೆಬೇಳೆ ಮೇಳದಲ್ಲಿ ಅವರೆಯನ್ನು ದೋಸೆಗೂ ಜಿಲೇಬಿಗೂ ಹಾಕುವುದುಂಟು. ಜಿಲೇಬಿಯ ಬಗ್ಗೆ ಅಭಿಪ್ರಾಯ ಹೇಳದಿರುವುದೇ ಒಳ್ಳೆಯದು.

ಜೋಳದ ಸೀಮೆ

ವಿಜಯಪುರ, ಕಲಬುರಗಿ, ಬಾಗಲಕೋಟೆ, ಧಾರವಾಡ, ಗದಗದ ಕಡೆ ಊಟದ ನಡುಗಂಬ ಬಿಳಿಜೋಳದ ರೊಟ್ಟಿ. ಜೋಳದಲ್ಲಿ ಗೋಧಿಯ ಜಿಗುಟು ಇರುವುದಿಲ್ಲವಾದ್ದರಿಂದ ಹಿಟ್ಟಿಗೆ ಕುದಿನೀರು ಹಾಕಿ ನಾದಿ ಅಂಟು ಬರಿಸಿಕೊಳ್ಳಬೇಕು, ಲಟ್ಟಣಿಗೆ ಬಿಟ್ಟು ಕೈಯಲ್ಲಿ ತಟ್ಟಬೇಕು. ಹಂಚಿಗೆ ಹಾಕಿದ ಮೇಲೆ ಮೈಮೇಲೆ ನೀರು ಸವರುತ್ತಾರೆ. ಎಣ್ಣೆ ಕೂಡ ಬೇಡ. ಕಟಕ್ ರೊಟ್ಟಿಯಾಗಿ ಒಣಗಿಸಿಟ್ಟರೆ ವಾರಗಟ್ಟಲೆ ಕೆಡದು.

ರೊಟ್ಟಿಯ ಜೊತೆಗೆ ಬರುವ ಎಣ್ಣೆಗಾಯಿಯಲ್ಲಿ ಎಳೆ ಬದನೆಯನ್ನು ಸೀಳಿ ಶೇಂಗಾ, ಎಳ್ಳು, ಒಣಕೊಬ್ಬರಿ, ಬೆಲ್ಲ, ಹುಣಸೆಯ ಮಸಾಲೆ ತುಂಬುತ್ತಾರೆ. ಮಡಕೆಕಾಳಿನ ಪಲ್ಯ, ಹುಳಿಯಾದ ಪುಂಡಿಪಲ್ಯ, ಕಡಲೆಹಿಟ್ಟಿನ ಝುಣಕ, ಹಸಿ ಮೂಲಂಗಿ, ಈರುಳ್ಳಿ, ಕೆಂಪುಖಾರ. ಇವಿಷ್ಟರಲ್ಲಿ ಎಲ್ಲಿಯೂ ಹಾಲಿಲ್ಲ. ರೊಟ್ಟಿಯ ಪಕ್ಕ ಗಟ್ಟಿ ಮೊಸರು ಇಡುವ ರೂಢಿ ಇದೆ ನಿಜ. ಆದರೆ ಖಾರ ಇಳಿಸಲು ಶೇಂಗಾ ಚಟ್ನಿಪುಡಿಗೆ ಹಸಿ ಎಣ್ಣೆ ಕಲಸಿಕೊಂಡರೂ ಕೆಲಸ ಆಗುತ್ತದೆ.

ಈ ಸೀಮೆಯ ನಿಜವಾದ ಆಸ್ತಿ ಹಿಂಡಿಗಳು, ಅಂದರೆ ಚಟ್ನಿಪುಡಿಗಳು: ಶೇಂಗಾ, ಗುರೆಳ್ಳು, ಅಗಸೆ, ಎಳ್ಳು, ಪುಟಾಣಿ. ಕಾಳನ್ನು ಹದವಾಗಿ ಹುರಿದು, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಹುಣಸೆ ಸೇರಿಸಿ ಒರಳಲ್ಲಿ ಕುಟ್ಟಿದರೆ ಆಯಿತು. ಮಿಕ್ಸಿಯಲ್ಲಿ ಓಡಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಗಟ್ಟುತ್ತದೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸುವ ತಾಳ್ಮೆ ಇದ್ದವರಿಗೆ ಮಾತ್ರ ಮಿಕ್ಸಿ ಆದೀತು. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಗಸೆಯಲ್ಲಿ ಸಸ್ಯಮೂಲದ ಒಮೆಗಾ-3 ಕೊಬ್ಬಿನಾಂಶ ಧಾರಾಳವಾಗಿದ್ದು, ಮೀನು ತಿನ್ನದವರಿಗೆ ಉಪಯುಕ್ತ. ಪೇಟೆಯ ಅಂಗಡಿಗಳು ಅದನ್ನು ಈಚೆಗೆ ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ ಔಷಧಿಯಂತೆ ಮಾರತೊಡಗಿವೆ.

ಕಾಳಿನಿಂದ ಹಾಲು ತೆಗೆಯುವುದೂ ಇಲ್ಲಿ ಹಳೆಯ ವಿದ್ಯೆ. ಕುಸುಬೆಯನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆದ ಬಿಳಿ ಹಾಲಿನಲ್ಲಿ ಕುಟ್ಟಿದ ಗೋಧಿ, ಬೆಲ್ಲ ಬೇಯಿಸಿ ಕುಸುಬಿ ಹುಗ್ಗಿ ಮಾಡುತ್ತಾರೆ. ಬಾದಾಮಿ ಹಾಲು, ಓಟ್ಸ್ ಹಾಲುಗಳ ಡಬ್ಬಿ ಮಾರುಕಟ್ಟೆಗೆ ಬರುವ ಎಷ್ಟೋ ಮೊದಲೇ ಇದ್ದ ಅಡುಗೆ ಇದು. ಕುಸುಬೆಯ ಬೆಳೆ ಕಡಿಮೆಯಾದಂತೆ ಹುಗ್ಗಿಯೂ ಮರೆಗೆ ಸರಿಯುತ್ತಿದೆ.

ಸಂಜೆಯ ತಿಂಡಿಗೆ ಹುಬ್ಬಳ್ಳಿ-ಧಾರವಾಡದ ಗಿರ್ಮಿಟ್: ಈರುಳ್ಳಿ, ಟೊಮೇಟೊ, ಹುಣಸೆಯ ಗೊಜ್ಜಿನಲ್ಲಿ ಚುರುಮುರಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪಕ್ಕಕ್ಕೊಂದು ಮಿರ್ಚಿ. ಕಲಸಿದ ಕ್ಷಣಕ್ಕೇ ತಿನ್ನಬೇಕು. ದಾವಣಗೆರೆಯ ಖಾರ ಮಂಡಕ್ಕಿ, ಬಳ್ಳಾರಿ ಕಡೆಯ ಒಗ್ಗರಣೆ (ನೆನೆಸಿದ ಮಂಡಕ್ಕಿಯದು) ಇದೇ ಕುಲದವು.

ತೆಂಗಿನ ಸೀಮೆ: ಕರಾವಳಿ, ಮಲೆನಾಡು, ಕೊಡಗು

ಕರಾವಳಿಯಲ್ಲಿ ಹಾಲಿನ ಕೆಲಸವನ್ನು ತೆಂಗು ವಹಿಸಿಕೊಂಡಿದೆ. ತುರಿಯನ್ನು ರುಬ್ಬಿ ಹಿಂಡಿದಾಗ ಮೊದಲು ಬರುವುದು ದಪ್ಪ ಹಾಲು. ಅದೇ ಚರಟಕ್ಕೆ ನೀರು ಹಾಕಿ ಮತ್ತೆ ಹಿಂಡಿದರೆ ನೀರು ಹಾಲು. ತರಕಾರಿ, ಬೇಳೆ ಬೇಯುವುದು ನೀರು ಹಾಲಿನಲ್ಲಿ. ದಪ್ಪ ಹಾಲನ್ನು ಒಲೆ ಆರಿಸುವ ಹೊತ್ತಿಗೆ ಸೇರಿಸಬೇಕು. ಮೊದಲೇ ಸುರಿದು ಕೊತಕೊತ ಕುದಿಸಿದರೆ ಎಣ್ಣೆ ಬೇರೆ, ನೀರು ಬೇರೆಯಾಗಿ ಒಡೆಯುತ್ತದೆ.

ಮನಸ್ಸಿಗೂ ಹೊಟ್ಟೆಗೂ ಸಮಾಧಾನ ಕೊಡುವ ಊಟ ಯಾವುದೆಂದು ದಕ್ಷಿಣ ಕನ್ನಡದವರನ್ನು ಕೇಳಿದರೆ ಕುಚ್ಚಲಕ್ಕಿ ಗಂಜಿಯ ಹೆಸರು ಬಂದೇ ಬರುತ್ತದೆ. ಕೆಂಪು ಅಗುಳು, ಮೇಲೆ ತೆಳಿ, ನಂಜಿಕೊಳ್ಳಲು ಮಿಡಿ ಉಪ್ಪಿನಕಾಯಿ ಅಥವಾ ಒಣಮೆಣಸಿನಕಾಯಿ ಸುಟ್ಟು ಅರೆದ ಕಾಯಿಚಟ್ನಿ. ಜ್ವರ ಬಿಟ್ಟ ದಿನವೂ ಅದೇ, ಮದುವೆಮನೆಯ ಜಡ್ಡು ಇಳಿಸುವ ಮರುದಿನವೂ ಅದೇ. ಆಷಾಢ ಶ್ರಾವಣದ ಮಳೆಗೆ ಕೆಸುವಿನೆಲೆಯ ಪತ್ರೊಡೆ: ಅಕ್ಕಿ, ಕಾಯಿ, ಹುಣಸೆ, ಬೆಲ್ಲ, ಮೆಣಸಿನ ಹಿಟ್ಟನ್ನು ಎಲೆಗೆ ಸವರಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಕೆಸುವಿನ ತುರಿಕೆಗೆ ಕಾರಣ ಅದರಲ್ಲಿರುವ ಆಕ್ಸಲೇಟ್ ಹರಳುಗಳು. ಹುಣಸೆಯನ್ನು ಜಿಪುಣತನದಿಂದ ಹಾಕಿದವರ ಗಂಟಲಿಗೆ ಅದು ತಪ್ಪದೆ ತಿಳಿಯುತ್ತದೆ. ನೀರುದೋಸೆ, ಹಲಸಿನೆಲೆಯ ಕೊಟ್ಟೆಕಡುಬು, ಹುರುಳಿಸಾರು, ಪುನರ್ಪುಳಿ ಸಾರು, ಬಸಳೆ ಕೊದ್ದೆಲು ಎಲ್ಲ ಹಾಲಿಲ್ಲದ ಅಡುಗೆಗಳೇ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕರ ಮನೆಗಳ ಅಪ್ಪೆಹುಳಿಯನ್ನು ಇಲ್ಲಿ ಬಿಡುವಂತಿಲ್ಲ. ಪರಿಮಳದ ಅಪ್ಪೆ ಮಾವಿನಕಾಯಿಯನ್ನು ಬೇಯಿಸಿ ಕಿವುಚಿ, ನೀರಿನಷ್ಟೇ ತೆಳ್ಳಗೆ ಮಾಡಿ, ಉಪ್ಪು, ಚೂರು ಬೆಲ್ಲ, ಹಸಿಮೆಣಸಿನಕಾಯಿ ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಕೊಡುತ್ತಾರೆ. ಊಟದ ಕೊನೆಗೆ ಲೋಟದಲ್ಲಿ ಕುಡಿದರೆ ಮಧ್ಯಾಹ್ನದ ನಿದ್ದೆ ಖಾತ್ರಿ. ಮಜ್ಜಿಗೆಯ ಜಾಗದಲ್ಲಿ ನಿಲ್ಲಬಲ್ಲ ಪಾನೀಯ ನಾಡಿನಲ್ಲಿ ಹುಡುಕಿದರೆ ಇದೇ ಮೊದಲನೆಯದು. ಅದೇ ಮನೆಗಳ ತಂಬುಳಿಗಳಿಗೆ ಮಾತ್ರ ಮಜ್ಜಿಗೆ ಬೇಕು. ಒಂದೆಲಗ, ದೊಡ್ಡಪತ್ರೆ, ಶುಂಠಿಗಳನ್ನು ಕಾಯಿಯ ಜೊತೆ ರುಬ್ಬಿ, ಮಜ್ಜಿಗೆಯ ಬದಲು ಕಾಯಿಹಾಲು, ನಿಂಬೆರಸದಲ್ಲಿ ಕದಡಿದರೆ ತಂಪಾದ ಪಾನೀಯವೇನೋ ಆಗುತ್ತದೆ. ತಂಬುಳಿ ತಿಂದು ಬೆಳೆದವರು ಅದನ್ನು ತಂಬುಳಿ ಎಂದು ಒಪ್ಪುವುದು ಕಷ್ಟ.

ಕೊಡಗಿನಲ್ಲಿ ಕಡಂಬುಟ್ಟು, ನೂಲ್‌ಪುಟ್ಟುಗಳ ಜೊತೆಗೆ ಮಳೆಗಾಲದ ಕಣಿಲೆ ಸಾರು, ಕಾಡಿನ ಅಣಬೆ. ಹುಳಿಗೆ ಕಪ್ಪನೆಯ ಕಾಚಂಪುಳಿ. ಪಾಪುಟ್ಟಿಗೆ ಹಾಲು ಹಾಕುವ ರೂಢಿ ಇದೆ, ಕಾಯಿಹಾಲಿನಲ್ಲೂ ಅದು ಸರಿಹೋಗುತ್ತದೆ.

ಬೆಳಗಿನ ತಿಂಡಿ

ಇಡ್ಲಿ, ದೋಸೆ, ಅಕ್ಕಿರೊಟ್ಟಿ, ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಪುಳಿಯೋಗರೆ, ಶಾವಿಗೆ ಉಪ್ಪಿಟ್ಟುಗಳಿಗೆ ಎಣ್ಣೆ ಸಾಕು. ಹೊರಗೆ ತಿನ್ನುವಾಗ ಎಚ್ಚರ ಬೇಕಾಗುವುದು ದೋಸೆಯ ಕಾವಲಿಗೆ ಸುರಿಯುವ ಬೆಣ್ಣೆ, ತುಪ್ಪದ ವಿಷಯದಲ್ಲಿ, ಖಾಲಿ ದೋಸೆ ಕೇಳಿದರೂ ಅಭ್ಯಾಸಬಲದಿಂದ ಒಂದು ಚಮಚ ಬೀಳುತ್ತದೆ. ರವೆ ಇಡ್ಲಿ ಬೇರೆ ಕಥೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ರೂಪಿಸಿದ್ದೆಂದು ಹೆಸರಾದ ಈ ತಿಂಡಿಯಲ್ಲಿ ರವೆಯನ್ನು ನೆನೆಸುವುದೇ ಮೊಸರಿನಲ್ಲಿ. ನಿಂಬೆರಸ ಹಿಂಡಿದ ನೀರು, ಅಡುಗೆ ಸೋಡ ಬಳಸಿದರೆ ಉಬ್ಬುತ್ತದೆ, ಮೆತ್ತಗಾಗುತ್ತದೆ. ಹುಳಿಯ ಆಳ ಸ್ವಲ್ಪ ಕಡಿಮೆ.

ಎರಡು ತುದಿಗಳು

ಊಟದ ಮೊದಲ ತುದಿಯಾದ ತುಪ್ಪವನ್ನು ಬಿಡುವುದು ಅಷ್ಟೇನೂ ಕಷ್ಟವಲ್ಲ. ತೊವ್ವೆ ಅನ್ನಕ್ಕೆ ಕೊಬ್ಬರಿ ಎಣ್ಣೆ, ಚಟ್ನಿಪುಡಿ ಅನ್ನಕ್ಕೆ ಎಳ್ಳೆಣ್ಣೆ ಅಥವಾ ಗಾಣದ ಕಡಲೆಕಾಯಿ ಎಣ್ಣೆ ಹಿಂದಿನಿಂದಲೂ ಇವೆ. ತಿಳಿಸಾರಿನ ಒಗ್ಗರಣೆಯಲ್ಲಿ ಮಾತ್ರ ತುಪ್ಪದ ಘಮವನ್ನು ಇನ್ನೊಂದು ಎಣ್ಣೆ ಕೊಡಲಾರದು. ಅಲ್ಲಿ ಅನುಕರಣೆ ಬಿಟ್ಟು, ಇಂಗು, ಜೀರಿಗೆ, ಕರಿಬೇವು, ಜಜ್ಜಿದ ಕರಿಮೆಣಸನ್ನು ಕೈಬಿಚ್ಚಿ ಹಾಕುವುದೇ ವಾಸಿ.

ಮೊಸರಿನದೇ ನಿಜವಾದ ತೊಡಕು. ಖಾರದೂಟದ ನಂತರ ಬಾಯಿಗೆ, ಹೊಟ್ಟೆಗೆ ಬೇಕೆನಿಸುವ ತಂಪು, ಹುಳಿ, ಜಿಡ್ಡು ಮೂರನ್ನೂ ಅದು ಒಟ್ಟಿಗೆ ಕೊಡುತ್ತದೆ. ವೀಗನ್ ಆದ ಕನ್ನಡಿಗರು ಕೊನೆಗೂ ಸೋಲುವುದು ಮೊಸರನ್ನದ ಮುಂದೆ. ಮನೆಯಲ್ಲಿ ಮಾಡಿಕೊಳ್ಳಬಹುದಾದ ಪರ್ಯಾಯಗಳಲ್ಲಿ ಕಡಲೆಕಾಯಿ ಮೊಸರು ಅಗ್ಗದ್ದು. ಒಂದು ಲೋಟ ಹಸಿ ಕಡಲೆಬೀಜವನ್ನು ಏಳೆಂಟು ಗಂಟೆ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ಮೂರು ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಬೇಕು. ಈ ಹಾಲು ಕಾಯುವಾಗ ತಳ ಹಿಡಿಯಲು, ನೊರೆಯೆದ್ದು ಉಕ್ಕಲು ಹೊತ್ತು ಬೇಡ. ಕೈ ಬಿಡದೆ ತಿರುವುತ್ತ ಹತ್ತು ನಿಮಿಷ ಕುದಿಸಿ, ಉಗುರು ಬೆಚ್ಚಗಾದ ಮೇಲೆ ಹೆಪ್ಪು ಹಾಕುತ್ತಾರೆ. ಮೊದಲ ಸಲಕ್ಕೆ ಹೆಪ್ಪು ಎಲ್ಲಿಂದ? ತೊಳೆದ ಹಸಿಮೆಣಸಿನಕಾಯಿಯ ಆರೇಳು ತೊಟ್ಟುಗಳೇ ಸಾಕು. ಮೊಸರಾಗಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಅವುಗಳ ಮೇಲೆ ಇರುತ್ತವೆ. ಮೊದಲ ಮೊಸರು ಅರೆಬರೆ. ಅದನ್ನೇ ಹೆಪ್ಪಾಗಿ ಬಳಸಿದರೆ ಎರಡನೆಯದು ಗಟ್ಟಿ, ಹುಳಿಯೂ ಸರಿ. ಕಡಲೆಕಾಯಿಯ ಹಸಿ ವಾಸನೆ ಪೂರ್ತಿ ಹೋಗುವುದಿಲ್ಲ. ಸಾಸಿವೆ, ಶುಂಠಿ, ಕರಿಬೇವಿನ ಒಗ್ಗರಣೆ ಕೊಟ್ಟು ಮೊಸರನ್ನ ಕಲಸಿದರೆ ಮರೆಯಾಗುತ್ತದೆ. ಗುಲಾಬಿ ಬಣ್ಣವೋ ಕೆಟ್ಟ ನಾತವೋ ಕಂಡರೆ ಚೆಲ್ಲಬೇಕು.

ಕಡಲೆಕಾಯಿಯಿಂದ ಹಾಲು, ಮೊಸರು ಮಾಡುವ ಪ್ರಯತ್ನಕ್ಕೆ ಕರ್ನಾಟಕದಲ್ಲಿ ವೈಜ್ಞಾನಿಕ ಚರಿತ್ರೆಯೂ ಇದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ, ಹಾಲಿನ ಕೊರತೆ ನೀಗಲು ಕಡಲೆಕಾಯಿ ಹಾಲಿನ ಮೇಲೆ ಕೆಲಸ ಮಾಡಿತು. ಮುಂದೆ ಅಲ್ಲಿಯೇ ರೂಪುಗೊಂಡ ‘ಮಿಲ್ಟೋನ್’ ಪಾನೀಯದಲ್ಲಿ ಕಡಲೆಕಾಯಿ ಪ್ರೋಟೀನನ್ನು ಎಮ್ಮೆ ಹಾಲಿಗೆ ಬೆರೆಸಲಾಗುತ್ತಿತ್ತು. ಉದ್ದೇಶ ಹಾಲನ್ನು ಬಿಡಿಸುವುದಾಗಿರಲಿಲ್ಲ, ಇರುವ ಹಾಲನ್ನು ಹೆಚ್ಚು ಮಕ್ಕಳಿಗೆ ಮುಟ್ಟಿಸುವುದಾಗಿತ್ತು. ಹೈನುಗಾರಿಕೆ ಬೆಳೆದ ಮೇಲೆ ಅದರ ಅಗತ್ಯ ಕಡಿಮೆಯಾಯಿತು.

ಇನ್ನು ಕಾಫಿ. ಸೋಯಾ ಹಾಲನ್ನು ಗಟ್ಟಿ ಡಿಕಾಕ್ಷನ್ನಿಗೆ ಸುರಿದರೆ ಒಡೆಯುತ್ತದೆ, ಕಾಫಿಯ ಆಮ್ಲವೂ ಬಿಸಿಯೂ ಸೇರಿ ಸೋಯಾ ಪ್ರೋಟೀನನ್ನು ಹೆಪ್ಪುಗಟ್ಟಿಸುವುದರಿಂದ. ಹಾಲನ್ನು ಮೊದಲು ಬಿಸಿ ಮಾಡಿ, ಅದಕ್ಕೆ ಡಿಕಾಕ್ಷನ್ನನ್ನು ನಿಧಾನವಾಗಿ ಬೆರೆಸಿದರೆ ಎಷ್ಟೋ ಮೇಲು. ಓಟ್ಸ್ ಹಾಲು ಹೊಂದಿಕೊಳ್ಳುತ್ತದೆ, ಬೆಲೆ ಹೊಂದುವುದಿಲ್ಲ. ಕೊಡಗು, ಮಲೆನಾಡಿನ ಬೆಲ್ಲದ ಕಾಫಿ ಕುಡಿದು ಬೆಳೆದವರಿಗೆ ಈ ಚರ್ಚೆಯೇ ಬೇಡ: ನೀರಿಗೆ ಬೆಲ್ಲ, ಕಾಫಿಪುಡಿ ಹಾಕಿ ಕುದಿಸಿ ಸೋಸಿದರೆ ಮುಗಿಯಿತು.

ಸಿಹಿ

ಮೈಸೂರು ಪಾಕ್, ಧಾರವಾಡ ಪೇಡ, ಬೆಳಗಾವಿ ಕುಂದ ಇವು ತುಪ್ಪ, ಹಾಲಿನಿಂದಲೇ ಆದವು. ಅವುಗಳ ವೀಗನ್ ರೂಪಗಳು ಹೆಸರಿಗೆ ಮಾತ್ರ. ಆದರೆ ಮನೆಯ ಸಿಹಿಗಳ ಪಟ್ಟಿ ಬೇರೆ: ಗಸಗಸೆ ಪಾಯಸ, ಕಾಯಿಹಾಲಿನ ಹೆಸರುಬೇಳೆ ಪಾಯಸ, ಒತ್ತು ಶಾವಿಗೆಗೆ ಏಲಕ್ಕಿ ಬೆಲ್ಲದ ಕಾಯಿಹಾಲು, ಕಾಯಿಕಡುಬು, ಚಿಗಳಿ, ಶೇಂಗಾ ಉಂಡೆ, ನಾಗರಪಂಚಮಿಗೆ ಅರಿಸಿನದೆಲೆಯಲ್ಲಿ ಬೇಯಿಸುವ ಪಾತೋಳಿ. ಸಂಕ್ರಾಂತಿಯ ಎಳ್ಳುಬೆಲ್ಲ, ಯುಗಾದಿಯ ಬೇವುಬೆಲ್ಲ ಹಾಗೆಯೇ ಇವೆ. ಒಬ್ಬಟ್ಟಿನ ಕಣಕಕ್ಕೆ ಧಾರಾಳವಾಗಿ ಎಣ್ಣೆ ಹಾಕಿ ನೆನೆಸಿ, ಎಣ್ಣೆಯಲ್ಲೇ ಬೇಯಿಸಿ, ಮೇಲೆ ತುಪ್ಪದ ಬದಲು ಕಾಯಿಹಾಲು ಸುರಿದುಕೊಂಡು ತಿನ್ನುವ ರೂಢಿ ಎಷ್ಟೋ ಮನೆಗಳಲ್ಲಿದೆ. ಹೂರಣಕ್ಕೆ ಬೇಯಿಸಿದ ಬೇಳೆಯ ಕಟ್ಟಿನಿಂದ ಒಬ್ಬಟ್ಟಿನ ಸಾರು. ಮರುದಿನಕ್ಕೆ ಅದರ ರುಚಿ ಇನ್ನೂ ಏರುತ್ತದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಪೋಷಣೆ

ಏಕದಳ, ದ್ವಿದಳ ಧಾನ್ಯಗಳು ಒಂದರ ಅಮೈನೊ ಆಮ್ಲದ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಮುದ್ದೆ-ಹುರುಳಿ, ಅನ್ನ-ಬೇಳೆ, ರೊಟ್ಟಿ-ಕಾಳುಗಳ ಜೋಡಿಯಲ್ಲಿ ಪ್ರೋಟೀನು ಸಾಕಷ್ಟು ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟೇ ಹಸುವಿನ ಹಾಲಿನಲ್ಲಿ 120ರ ಆಸುಪಾಸು. ಹಾಗೆಂದು ರಾಗಿ ಹಾಲಿನ ಮೂರು ಪಟ್ಟು ಎಂದು ಡಂಗುರ ಹೊಡೆಯುವಂತಿಲ್ಲ. ರಾಗಿಯ ಫೈಟೇಟ್, ಆಕ್ಸಲೇಟುಗಳು ಆ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಕಟ್ಟಿದರೆ, ಹುದುಗು ಬರಿಸಿ ಅಂಬಲಿ ಮಾಡಿದರೆ ಹಿಡಿತ ಸಡಿಲುತ್ತದೆ. ಸಿಪ್ಪೆಸಹಿತ ಎಳ್ಳಿನಲ್ಲಿ ಸುಣ್ಣ 1000 ಮಿಲಿಗ್ರಾಂ ದಾಟುತ್ತದೆ, ಆದರೆ ಯಾರೂ ಎಳ್ಳನ್ನು ಬಟ್ಟಲುಗಟ್ಟಲೆ ತಿನ್ನುವುದಿಲ್ಲ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಜೊತೆಗೆ ನಿಂಬೆರಸ ಬೇಕು, ಊಟದ ಬೆನ್ನಿಗೇ ಕಾಫಿ ಟೀ ಬೇಡ.

ರಾಜಿಗೆ ಆಸ್ಪದವಿಲ್ಲದ್ದು ಬಿ12 ಜೀವಸತ್ವ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು. ಗಿಡಗಳಿಂದ ಅದು ಸಿಗದು. ಇಡ್ಲಿ ಹಿಟ್ಟಿನ ಹುದುಗಿನಲ್ಲಿ, ಸ್ಪಿರುಲಿನಾದಲ್ಲಿ ಇದೆ ಎಂಬ ಮಾತು ನಂಬಿ ಕೂರುವಂಥದ್ದಲ್ಲ. ಮಾಂಸ ತಿನ್ನದವರಿಗೆ ಇದುವರೆಗೆ ಅಲ್ಪಸ್ವಲ್ಪ ಬಿ12 ಕೊಡುತ್ತಿದ್ದುದು ಹಾಲು, ಮೊಸರು. ಅವನ್ನೂ ಬಿಟ್ಟವರು ಮಾತ್ರೆಯನ್ನೋ, ಬಿ12 ಬೆರೆಸಿದ ಆಹಾರವನ್ನೋ ತಪ್ಪದೆ ತೆಗೆದುಕೊಳ್ಳಬೇಕು. ದೇಹದ ದಾಸ್ತಾನು ಕೆಲವು ವರ್ಷ ಬರುವುದರಿಂದ ಕೊರತೆ ತಡವಾಗಿ ತಿಳಿಯುತ್ತದೆ. ಕೈಕಾಲು ಜೋಮು, ಸುಸ್ತು, ಮರೆವು ಕಾಣಿಸಿಕೊಳ್ಳುವ ಹೊತ್ತಿಗೆ ನರಗಳಿಗೆ ಪೆಟ್ಟು ಬಿದ್ದಿರಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ‘ನಮ್ಮ ಅಜ್ಜಿ ಏನು ಮಾತ್ರೆ ತಿಂದಿದ್ದಳೇ’ ಎಂಬ ವಾದ ಇಲ್ಲಿ ನಿಲ್ಲದು. ಅಜ್ಜಿ ಮಜ್ಜಿಗೆ ಕುಡಿಯುತ್ತಿದ್ದಳು.

ಮಾರುಕಟ್ಟೆ ಮತ್ತು ಕಾನೂನು

ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಹಾಲು, ತುಪ್ಪ, ಜೇನು ಇದ್ದರೂ ಅದು ಹಸಿರೇ. ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮಾವಳಿಯನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2022ರಲ್ಲಿ ಹೊರಡಿಸಿತು. ಅದರ ಚಿಹ್ನೆ ಹಸಿರು ಚೌಕದೊಳಗೆ ಚಿಗುರೆಲೆ ಸಹಿತವಾದ ‘ವಿ’ ಅಕ್ಷರ. ಸಸ್ಯಮೂಲದ ಪಾನೀಯಗಳನ್ನು ಬರಿದೆ ‘ಹಾಲು’ ಎಂದು ಹೆಸರಿಸಿ ಮಾರಲು ಈ ಪ್ರಾಧಿಕಾರ ಒಪ್ಪುವುದಿಲ್ಲ. ಕಾಯಿಹಾಲಿನಂತೆ ಹಿಂದಿನಿಂದ ರೂಢಿಯಲ್ಲಿರುವ ಹೆಸರುಗಳಿಗೆ ವಿನಾಯಿತಿ ಇದೆ. ಕಾಫಿಗೆ ಬೆರೆಸುವ ಕೆಲವು ‘ನಾನ್‌ಡೇರಿ’ ಪುಡಿಗಳಲ್ಲಿ ಹಾಲಿನ ಪ್ರೋಟೀನಾದ ಕೇಸಿನೇಟ್ ಇರುತ್ತದೆ. ಬ್ರೆಡ್ಡು, ಬನ್ನು, ಬಿಸ್ಕತ್ತುಗಳಲ್ಲಿ ಹಾಲಿನ ಪುಡಿ ಸಾಮಾನ್ಯ. ಅಂಗಡಿಯ ಹಪ್ಪಳ, ಸಂಡಿಗೆ, ಚಕ್ಕುಲಿ, ನಿಪ್ಪಟ್ಟು ಹೆಚ್ಚಾಗಿ ಎಣ್ಣೆಯವೇ ಆದರೂ ಬೆಣ್ಣೆ ಮುರುಕು, ಬೆಣ್ಣೆ ಚಕ್ಕುಲಿಗಳು ಹೆಸರಿಗೆ ತಕ್ಕಂತಿರುತ್ತವೆ. ಮಜ್ಜಿಗೆ ಮೆಣಸಿನಕಾಯಿಯಲ್ಲಿ ಮಜ್ಜಿಗೆ ಇರುವುದನ್ನು ಮರೆಯುವವರೇ ಹೆಚ್ಚು.

ಹೊರದೇಶದ ಕನ್ನಡಿಗರಿಗೆ ಸೋಯಾ, ಓಟ್ಸ್ ಹಾಲು, ಡಬ್ಬಿಯ ಕಾಯಿಹಾಲು, ಫ್ರೀಜ್ ಮಾಡಿದ ತೆಂಗಿನತುರಿ ಸುಲಭವಾಗಿ ಸಿಗುತ್ತವೆ. ಸಿಗದೆ ಪರದಾಡುವುದು ಸೊಪ್ಪಿಗೆ. ದಂಟು, ಸಬ್ಬಸಿಗೆಗಳ ಜಾಗದಲ್ಲಿ ಪಾಲಕ್, ಕೇಲ್ ಹಾಕಿ ಮಸ್ಸೊಪ್ಪು ಮಾಡುತ್ತಾರೆ. ಕೇಲ್ ಒರಟು, ಹೆಚ್ಚು ಹೊತ್ತು ಬೇಯಬೇಕು. ಮಸೆದ ಮೇಲೆ ಪರವಾಗಿಲ್ಲ.